ಪ್ರತಿಕ್ರಿಯೆ: ತೈಲ ಕಮ್ಮಿಯಾದ್ರೂ ನಿಮ್ಮ ಲೆಕ್ಕದಲ್ಲಿ ತೊಂದ್ರೆ ಯಾಕೆ ಕಾಣ್ತಿಲ್ಲ

ತೈಲ ಕಮ್ಮಿಯಾದ್ರೆ ಸಮಾಜ ಹೆಂಗೆ ಹೊಂದ್ಕೊಳ್ಳುತ್ತೆ ಅಂತ ಲೆಕ್ಕ ಹಾಕೋ ಸ್ಪ್ರೆಡ್‌ಶೀಟ್ ಮಾಡಿದೀರಿ, ತೈಲ ಉತ್ಪಾದನೆ ವರ್ಷಕ್ಕೆ 3% ಇಳಿದ್ರೂ ಅದರಲ್ಲಿ ಎಲ್ಲ ಸಲೀಸಾಗೇ ಬರ್ತಿದೆ, ತಪ್ಪೆಲ್ಲಿ ಅಂತ ಕೇಳಿದೀರಿ. ಬಹುಶಃ ಹೊಸದಾಗಿ ಮಾರಾಟ ಆಗೋ ಗಾಡಿಗಳನ್ನ ಮಾತ್ರ ಎಣಿಸಿದೀರಿ, ಆಗ್ಲೇ ರೋಡಲ್ಲಿರೋ ಪೆಟ್ರೋಲ್, ಡೀಸೆಲ್ ಗಾಡಿಗಳು ಬಿಟ್ಟುಹೋಗಿವೆ, ನಂದೂ ಮೊದಲ ಸಲ ಹಿಂಗೇ ಆಗಿತ್ತು.

ಮೊದ್ಲು ಅದನ್ನ ಸರಿ ಮಾಡಿ. ಕಾರು 15 ವರ್ಷ ಓಡುತ್ತೆ ಅಂತಿಟ್ಕೊಂಡ್ರೆ, ನಾಳೆಯಿಂದ ಬರೋದೆಲ್ಲ ಎಲೆಕ್ಟ್ರಿಕ್ ಆದ್ರೂ ವರ್ಷಕ್ಕೆ ಬದಲಾಗೋದು ಹದಿನೈದರಲ್ಲಿ ಒಂದು ಪಾಲು ಅಷ್ಟೇ. ಲಾರಿ, ಹಡಗು, ವಿಮಾನ, ಪ್ಲಾಸ್ಟಿಕ್‌ಗೆ ಬೇರೆ ಬೇರೆ ಸಾಲು ಹಾಕಿ, ಇವೆಲ್ಲ ಒಂದೇ ವೇಗದಲ್ಲಿ ಬದಲಾಗಲ್ಲ.

ಆಮೇಲೆ ಉತ್ಪಾದನೆ ಬದ್ಲು ರಫ್ತನ್ನ ಹಾಕಿ, ಇದನ್ನ ಬಹಳ ಜನ ಮರೀತಾರೆ. ಒಂದು ದೇಶ 100 ಬ್ಯಾರೆಲ್ ತೆಗೆದು 40 ತಾನೇ ಬಳಸಿದ್ರೆ ಹೊರಗೆ ಬರೋದು 60, ಉತ್ಪಾದನೆ 80ಕ್ಕೆ ಇಳಿದು ಒಳಗಿನ ಬಳಕೆ ಹಂಗೇ ಇದ್ರೆ ಬರೋದು ಬರೀ 40, ಅಂದ್ರೆ 20% ಇಳಿಕೆ ಕೊಳ್ಳೋವ್ರಿಗೆ 33% ಆಗಿ ತಟ್ಟುತ್ತೆ. ಇಂಡೋನೇಷ್ಯಾ ಒಪೆಕ್ (ತೈಲ ರಫ್ತು ಮಾಡೋ ದೇಶಗಳ ಒಕ್ಕೂಟ) ಸದಸ್ಯ ಆಗಿದ್ದಾಗ್ಲೇ 2004ರ ಹೊತ್ತಿಗೆ ಆಮದು ಮಾಡ್ಕೊಳ್ಳೋ ದೇಶ ಆಗೋಯ್ತು.

ತೈಲದ ಬೆಲೆನ ನೇರ ಗೆರೆಯಾಗಿ ಎಳೀಬೇಡಿ. 1973-74ರಲ್ಲಿ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಆಗಿತ್ತು. ಫ್ರಾನ್ಸ್ ಆಗ ಅಣುವಿದ್ಯುತ್ ಕಡೆ ತಿರುಗಿ ಹೊಂದ್ಕೊಂಡಿತು ನಿಜ, ಆದ್ರೆ ಅದಕ್ಕೆ ಒಂದು ದಶಕಕ್ಕೂ ಜಾಸ್ತಿ ಹಿಡೀತು, ಸಮಾಜ ಹೊಂದ್ಕೊಳ್ಳುತ್ತೆ ಅಂತ ನಾನೂ ನಂಬ್ತೀನಿ, ಸಲೀಸಾಗಿ ಅನ್ನೋದನ್ನ ಮಾತ್ರ ಒಪ್ಪಲ್ಲ.

ಇಳಿಕೆ ಯಾವಾಗ ಶುರು, ಬೇಡಿಕೆನೇ ಮೊದ್ಲು ಬೀಳುತ್ತಾ ಅನ್ನೋದನ್ನ ಯಾರೂ ಖಚಿತವಾಗಿ ಹೇಳಕ್ಕಾಗಲ್ಲ. ಅದಕ್ಕೇ ವರ್ಷಕ್ಕೆ 1%, 3%, 5% ಇಳಿಕೆ ಮೂರೂ ಹಾಕಿ ಶೀಟ್ ಓಡಿಸಿ, ಯಾವ ಸಾಲಲ್ಲಿ ಮೊದ್ಲು ಕೊರತೆ ಬೀಳುತ್ತೋ ಅಲ್ಲಿಂದ ನೋಡಿ.