ಒಪ್ಪು ಬೇರೆ, ಒಪ್ಪಿಗೆ ಬೇರೆ

ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿಬಿಟ್ಟರೆ ಕಾಸರಗೋಡಿನ ಕನ್ನಡಿಗ ರೋಗಿಗಳ ತೊಂದರೆ ತೀರುವುದಿಲ್ಲವೇ ಎಂದು ಕೇಳಿದ್ದೀರಿ. ಅರ್ಧ ತೀರುತ್ತದೆ. ಉಳಿದ ಅರ್ಧ ಏಕೆ ತೀರುವುದಿಲ್ಲ ಎಂಬುದನ್ನು ವಿವರಿಸಲು ಇಲ್ಲಿನ ಭಾಷೆಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕಾಗುತ್ತದೆ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದೆಂದು 1969ರ ಕೇರಳ ರಾಜಭಾಷಾ ಕಾಯ್ದೆ ಹೇಳುತ್ತದೆ. ಆದರೆ ಆಪರೇಷನ್‌ಗೆ ಹೊರಟವರು ಯಾರೂ ಅರ್ಜಿ ಬರೆಯುತ್ತ ಕೂರುವುದಿಲ್ಲ. ಮನೆಯಲ್ಲಿ ತುಳುವನ್ನೋ ಹವಿಗನ್ನಡವನ್ನೋ ಮರಾಠಿಯನ್ನೋ ಆಡುತ್ತ, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಹಿರಿಯರಿಗೆ ಸಂತೆಯಲ್ಲಿ ಕಲಿತ ಮಲೆಯಾಳ ನಾಲಿಗೆಯ ಮೇಲೆ ಸರಾಗವಾಗಿ ಹರಿಯುತ್ತದಾದರೂ ಅದರ ಲಿಪಿ ಮಾತ್ರ ಕಣ್ಣಿಗೆ ಹತ್ತುವುದಿಲ್ಲ. ಅಂಥವರ ಮುಂದೆ ಮಲೆಯಾಳದ ಹಾಳೆಯನ್ನಿಟ್ಟು ‘ಇವಿಡೆ ಒಪ್ಪಿಡಣಂ’ ಎನ್ನುತ್ತಾರೆ. ಮಲೆಯಾಳದಲ್ಲಿ ‘ಒಪ್ಪು’ ಎಂದರೆ ಬರೀ ಸಹಿ. ಕನ್ನಡದ ಕಿವಿಗೆ ಅದು ಸಮ್ಮತಿಯಾಗಿ ಕೇಳಿಸುತ್ತದೆ. ಆಸ್ಪತ್ರೆ ಕೇಳುವುದು ಮೊದಲನೆಯದನ್ನು, ಕಾನೂನು ಕೇಳುವುದು ಎರಡನೆಯದನ್ನು. ಹಾಳೆಯ ಕೊನೆಯಲ್ಲಿ ‘ಎಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬ ಸಾಲೂ ಇರುತ್ತದೆ, ಸಹಿ ಹಾಕುವವರಿಗೆ ಓದಲಾಗದ ಅಕ್ಷರದಲ್ಲಿ.

ಹಾಗಾದರೆ ಕನ್ನಡದಲ್ಲೇ ಇದ್ದರೆ? ನನ್ನ ದೊಡ್ಡಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾದಾಗ ನಾವು, ಇಲ್ಲಿನ ಎಲ್ಲರಂತೆ, ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ಅಲ್ಲಿನ ಪತ್ರ ಅಚ್ಚ ಕನ್ನಡದಲ್ಲೇ ಇತ್ತು. ‘ಅಗತ್ಯ ಕಂಡುಬಂದಲ್ಲಿ ಉದರದರ್ಶಕ ವಿಧಾನವನ್ನು ತೆರೆದ ಶಸ್ತ್ರಚಿಕಿತ್ಸೆಯಾಗಿ ಪರಿವರ್ತಿಸಲು ನನ್ನ ಸಮ್ಮತಿ ಇರುತ್ತದೆ’ ಎಂಬ ವಾಕ್ಯವನ್ನು ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ ಓದಿದರು. ಉದರದರ್ಶಕ ಎಂದರೆ ತೂತು ಹಾಕಿ ಮಾಡುವ ಲ್ಯಾಪರೋಸ್ಕೋಪಿ. ಅವರು ಅದು ಸ್ಕ್ಯಾನಿಂಗ್ ಇರಬೇಕೆಂದುಕೊಂಡು ಸಹಿ ಹಾಕಿದರು. ಮೂರು ನಾಲ್ಕು ತೂತು ಹಾಕಿ ಮುಗಿಸುತ್ತಾರೆಂದು ನಂಬಿ ಮಲಗಿದವರು ಎಚ್ಚರವಾದಾಗ ಪಕ್ಕೆಲುಬಿನ ಕೆಳಗೆ ಗೇಣುದ್ದ ಹೊಲಿಗೆ ಇತ್ತು. ವೈದ್ಯರು ತಪ್ಪು ಮಾಡಿದರೆಂದು ನಾನು ಹೇಳಲಾರೆ, ಒಳಗೆ ಅಂಟಿಕೊಂಡಿದ್ದರೆ ಕೆಲವೊಮ್ಮೆ ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ. ಆದರೆ ‘ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತೋ ಮಗಾ’ ಎಂದು ಅವರು ಕೇಳಿದಾಗ, ಹೇಳಿದ್ದಾರೆ ದೊಡ್ಡಮ್ಮ, ನೀವೇ ಓದಿದ್ದೀರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದೆ. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾದೀತು ಎಂಬುದು ರೋಗಿಗೇ ತಿಳಿದಿರಬೇಕೆಂದಿತು. ನಮ್ಮಲ್ಲಿ ಇಂದಿಗೂ ಹಾಳೆ ಮೊದಲು ಹೋಗುವುದು ಮಗನ ಕೈಗೆ.

ಆದ್ದರಿಂದ ಅನುವಾದಕ್ಕಿಂತ ಮೊದಲು ಪದಗಳ ಆಯ್ಕೆಯಾಗಬೇಕು. ‘ಅರಿವಳಿಕೆ’ ಒಳ್ಳೆಯ ಪದವೇ, ಆದರೆ ನಮ್ಮ ಅಜ್ಜಿಯಂದಿರು ಅದನ್ನು ಕೇಳಿಲ್ಲ. ‘ಬೋಧ ತಪ್ಪಿಸುತ್ತಾರೆ’ ಎಂದರೆ ತುಳುವರಿಗೂ ನಮ್ಮ ಕರಾವಳಿ ಕನ್ನಡದವರಿಗೂ ಒಮ್ಮೆಗೇ ಅರ್ಥವಾಗುತ್ತದೆ. ಮಲೆಯಾಳದಲ್ಲೂ ಎಚ್ಚರಕ್ಕೆ ಬೋಧವೆಂದೇ ಹೆಸರು. ‘ಸಂಕೀರ್ಣತೆಗಳು’ ಎನ್ನುವ ಬದಲು ರಕ್ತ ಹೋಗಬಹುದು, ಕೀವಾಗಬಹುದು ಎಂದು ಬಿಡಿಸಿ ಬರೆಯಲು ಎರಡು ಸಾಲು ಹೆಚ್ಚು ಬೇಕಾದೀತು, ಅಷ್ಟೆ. ಭಾಷಾಶುದ್ಧಿಯ ಚಿಂತೆಯನ್ನು ಈ ಒಂದು ಹಾಳೆಯ ಮಟ್ಟಿಗಾದರೂ ಬದಿಗಿಡಬಹುದು.

ಪತ್ರಕ್ಕಿಂತ ಚೆನ್ನಾಗಿ ಈ ಕೆಲಸ ಮಾಡುವ ನರ್ಸ್ ಒಬ್ಬರನ್ನೂ ಕಂಡಿದ್ದೇನೆ. ಎಲ್ಲ ವಿವರಿಸಿದ ಮೇಲೆ ಅವರು ‘ಅರ್ಥವಾಯಿತೇ’ ಎಂದು ಕೇಳುತ್ತಿರಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ನಮ್ಮವರೆಲ್ಲ ತಲೆಯಾಡಿಸಿಬಿಡುತ್ತಾರೆ. ‘ಎಲ್ಲೆ ಈರೆಗ್ ದಾದ ಮಲ್ಪುವೆರ್, ಪನ್ಲೆ’ ಎಂದು ತುಳುವಿನಲ್ಲಿ ಕೇಳುತ್ತಿದ್ದರು, ಅಂದರೆ ನಾಳೆ ನಿಮಗೆ ಏನು ಮಾಡುತ್ತಾರೆ, ನೀವೇ ಹೇಳಿ. ಆ ಉತ್ತರವನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲು ಸಹಿಯ ಮೇಲೆ ಎರಡು ಗೆರೆ ಖಾಲಿ ಬಿಟ್ಟರೆ ಸಾಕು. ದೊಡ್ಡಮ್ಮನ ಹಾಳೆಯಲ್ಲಿ ಅಲ್ಲಿ ಹೀಗಿರಬಹುದಿತ್ತು: ‘ತೂತು ಹಾಕಿ ಕಲ್ಲಿನ ಚೀಲ ತೆಗೆಯುತ್ತಾರೆ. ಆಗದಿದ್ದರೆ ಹೊಟ್ಟೆ ಕೊಯ್ಯುತ್ತಾರೆ.’