ಬರೆಯಬಾರದ ರಿಜಿಸ್ಟರಿಗೆ ಬರೆದರೆ ತಪ್ಪು ಯಾರದ್ದು?

ಪ್ರಶ್ನೆ: ಎಎಂಡಿ ಸರ್ವರ್ ಮೇಲೆ ಎಸ್‌ಇವಿ-ಎಸ್‌ಎನ್‌ಪಿ (ಮೆಮೊರಿಯನ್ನು ಎನ್‌ಕ್ರಿಪ್ಟ್ ಮಾಡಿ ಹೋಸ್ಟ್‌ನಿಂದ ಕಾಪಾಡುವ ಎಎಂಡಿ ವ್ಯವಸ್ಥೆ) ವರ್ಚುವಲ್ ಮೆಷೀನ್ ಓಡಿಸುತ್ತಿದ್ದೇನೆ. ಸೆಕ್ಯೂರ್ ಟಿಎಸ್‌ಸಿ (ಟಿಎಸ್‌ಸಿ ಅಂದರೆ ಪ್ರೊಸೆಸರ್ ಒಳಗಿನ ಸಮಯದ ಕೌಂಟರ್) ಆನ್ ಇದೆ. ಗೆಸ್ಟ್ (ಅಂದರೆ ಆ ವರ್ಚುವಲ್ ಮೆಷೀನ್) ಒಳಗೆ ರೂಟ್ ಆಗಿ, ಟಿಎಸ್‌ಸಿ ಫ್ರೀಕ್ವೆನ್ಸಿ ತೋರಿಸುವ ಎಂಎಸ್‌ಆರ್‌ಗೆ (ಪ್ರೊಸೆಸರ್‌ನ ಒಂದು ವಿಶೇಷ ರಿಜಿಸ್ಟರ್) ಸುಮ್ನೆ ಒಂದು ಸಂಖ್ಯೆ ಬರೆದು ನೋಡಿದೆ. ಇಡೀ ಮೆಷೀನೇ ಬಿದ್ದುಹೋಯ್ತು! ಕನ್ಸೋಲ್‌ನಲ್ಲಿ ವಿಎಂಎಂ (ವರ್ಚುವಲ್ ಮೆಷೀನ್ ನಡೆಸುವ ಹೋಸ್ಟ್ ಕಡೆಯ ಸಾಫ್ಟ್‌ವೇರ್, ಅಂದರೆ ಹೈಪರ್‌ವೈಸರ್) ಜೊತೆಗಿನ ಸಂಪರ್ಕ ವಿಫಲ ಅನ್ನುವ ಅರ್ಥದ ಸಾಲು. ಹೋಸ್ಟ್ ಸೆಟ್ಟಿಂಗ್ ಎಲ್ಲ ತಡಕಾಡಿದೆ, ಏನೂ ಸಿಗಲಿಲ್ಲ. ಹೊಸ ಕರ್ನಲ್ ಹಾಕಿದ ಮೇಲೆ ಬರೀ ಎರರ್ ಬರುತ್ತದೆ. ಏನು ಬದಲಾಯಿತು?
— ಒಬ್ಬ ಓದುಗ, ಮೈಸೂರು

ಉತ್ತರ: ನಿಮ್ಮ ಹೋಸ್ಟ್‌ನದು ಏನೂ ತಪ್ಪಿಲ್ಲ. ಹಳೇ ಕರ್ನಲ್ ಸುಮ್ನೆ ಅದರ ಮೇಲೆ ಗೂಬೆ ಕೂರಿಸುತ್ತಿತ್ತು.

ಮಾಮೂಲಿ ವಿಎಂನಲ್ಲಿ ಗೆಸ್ಟ್ ಯಾವುದಾದರೂ ಎಂಎಸ್‌ಆರ್ ಮುಟ್ಟಿದಾಗ ಹೈಪರ್‌ವೈಸರ್ ಅದನ್ನು ನಡುವೆಯೇ ತಡೆಯಬಹುದು, ಅಂದರೆ ಇಂಟರ್ಸೆಪ್ಟ್ ಮಾಡಬಹುದು. ಮಾಡಿದರೆ ಗೆಸ್ಟ್‌ನ ರಿಜಿಸ್ಟರುಗಳನ್ನು ತಾನೇ ಓದಿ, ಉತ್ತರ ತುಂಬಿ ವಾಪಸ್ ಬಿಡುತ್ತದೆ. ಎಸ್‌ಇವಿ-ಇಎಸ್ (ಎಸ್‌ಎನ್‌ಪಿಗೂ ಮೊದಲಿನ ಹಂತ) ಬಂದಮೇಲೆ ಅದು ನಡೆಯಲ್ಲ, ಯಾಕಂದ್ರೆ ರಿಜಿಸ್ಟರುಗಳೂ ಎನ್‌ಕ್ರಿಪ್ಟ್ ಆಗಿರುತ್ತವೆ. ಅದಕ್ಕೇ ಪ್ರೊಸೆಸರ್ ಗೆಸ್ಟ್ ಒಳಗೇ 29ನೇ ನಂಬರಿನ ಎಕ್ಸೆಪ್ಶನ್ (ಓಡುತ್ತಿರುವ ಕೋಡನ್ನು ನಿಲ್ಲಿಸಿ ಕರ್ನಲನ್ನು ಕರೆಯುವ ಸೂಚನೆ) ಎಬ್ಬಿಸುತ್ತದೆ. ಅದರ ಹೆಸರು ವಿಸಿ. ಗೆಸ್ಟ್ ಕರ್ನಲ್‌ನ ಹ್ಯಾಂಡ್ಲರ್ ಆಗ ಇಸಿಎಕ್ಸ್‌ನಲ್ಲಿರುವ ಎಂಎಸ್‌ಆರ್ ನಂಬರನ್ನು, ಬರೆಯುವ ಕೆಲಸವಾದರೆ ಇಎಎಕ್ಸ್ ಮತ್ತು ಇಡಿಎಕ್ಸ್‌ನ ಬೆಲೆಯನ್ನೂ, ಜಿಎಚ್‌ಸಿಬಿ ಅನ್ನುವ ಎನ್‌ಕ್ರಿಪ್ಟ್ ಆಗದ ಹಂಚಿಕೆಯ ಪೇಜಿಗೆ ಕಾಪಿ ಮಾಡಿ ಹೋಸ್ಟ್‌ನ ಕೈಗೆ ಕೊಡುತ್ತದೆ. ಏನು ತೋರಿಸಬೇಕು, ಏನನ್ನು ಮುಚ್ಚಿಡಬೇಕು ಅನ್ನೋದು ಗೆಸ್ಟ್‌ನ ತೀರ್ಮಾನ.

ಕೆಲವು ರಿಜಿಸ್ಟರುಗಳ ವಿಷಯದಲ್ಲಿ ಹೋಸ್ಟನ್ನು ಕೇಳಲೇಬಾರದು. ಸೆಕ್ಯೂರ್ ಟಿಎಸ್‌ಸಿ ಇರೋದೇ ಗೆಸ್ಟ್‌ನ ಗಡಿಯಾರವನ್ನು ಹೋಸ್ಟ್ ತಿರುಚದಂತೆ ನೋಡಿಕೊಳ್ಳಲು, ಅಲ್ವಾ? ಇಲ್ಲಿ ಮುಖ್ಯವಾದ ಎಂಎಸ್‌ಆರ್ ಎರಡು. ಒಂದು ಟಿಎಸ್‌ಸಿಯೇ, ಹೆಕ್ಸ್‌ನಲ್ಲಿ ಅದರ ನಂಬರ್ 10. ಇನ್ನೊಂದು ನೀವು ಕೈಹಾಕಿದ್ದು, ಸಿ0010134. ಇದು ಓದಲು ಮಾತ್ರ.

ಲಿನಕ್ಸ್‌ನಲ್ಲಿ ಗೆಸ್ಟ್ ಕಡೆಯ ಸೆಕ್ಯೂರ್ ಟಿಎಸ್‌ಸಿ ಬಂದದ್ದು 2025ರ 6.14 ಆವೃತ್ತಿಯಲ್ಲಿ. ಆಗಿನ ಹ್ಯಾಂಡ್ಲರ್ ಸ್ವಲ್ಪ ಒರಟು. ಟಿಎಸ್‌ಸಿಗೆ ಬರೆದರೆ ಸದ್ದಿಲ್ಲದೆ ನುಂಗಿಬಿಡುತ್ತಿತ್ತು. ಫ್ರೀಕ್ವೆನ್ಸಿ ರಿಜಿಸ್ಟರಿನ ವಿಷಯಕ್ಕೆ ವಿಸಿ ಬಂದರೆ, ಓದಿದ್ದೋ ಬರೆದದ್ದೋ ನೋಡದೆ, ‘ಹೋಸ್ಟ್ ಕೆಟ್ಟಿದೆ’ ಎಂದು ತೀರ್ಮಾನಿಸಿ ಗೆಸ್ಟನ್ನೇ ಮುಗಿಸುತ್ತಿತ್ತು. ನೀವು ಕಂಡದ್ದು ಇದನ್ನೇ.

ಆದರೆ ಓದಲು ಮಾತ್ರ ಇರುವ ಎಂಎಸ್‌ಆರ್‌ಗೆ ಬರೆಯುವುದನ್ನು ಹೈಪರ್‌ವೈಸರ್ ತಡೆಯುವುದು ತೀರಾ ಮಾಮೂಲಿ ಸೆಟ್ಟಿಂಗ್. ಅದರಲ್ಲಿ ಸಂಶಯ ಪಡುವಂಥದ್ದೇನಿದೆ? ಬರೆಯಲು ಹೋದದ್ದು ಗೆಸ್ಟ್ ಒಳಗಿನ ಪ್ರೋಗ್ರಾಂ, ತಪ್ಪು ಅದರದ್ದು. ಹಾಗಾಗಿ 2025ರಲ್ಲೇ ತಿದ್ದುಪಡಿ ಬಂತು: ಈ ಎರಡರಲ್ಲಿ ಯಾವುದಕ್ಕೆ ಬರೆದರೂ ಹ್ಯಾಂಡ್ಲರ್ 13ನೇ ಎಕ್ಸೆಪ್ಶನ್ ಎಬ್ಬಿಸುತ್ತದೆ, ಅಂದರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್, ಎರರ್ ಕೋಡ್ ಸೊನ್ನೆ. ಬರೀ ಸಿಪಿಯು ಮೇಲೆ ಓದಲು ಮಾತ್ರ ಇರುವ ರಿಜಿಸ್ಟರಿಗೆ ಬರೆದರೂ ಬರುವುದು ಇದೇ ಫಾಲ್ಟ್. ಅದನ್ನು ಹಿಡಿಯುವ ಏರ್ಪಾಡು ಕರ್ನಲ್‌ನಲ್ಲಿ ಮೊದಲಿಂದಲೂ ಇದೆ, ಹಾಗಾಗಿ ಎಂಎಸ್‌ಆರ್ ಡ್ರೈವರ್‌ಗೆ ಇನ್‌ಪುಟ್-ಔಟ್‌ಪುಟ್ ಎರರ್ ವಾಪಸ್ ಬರುತ್ತದೆ, ನಿಮ್ಮ ಟೂಲ್ ‘ಆಗಲ್ಲ’ ಅನ್ನುತ್ತದೆ, ಮೆಷೀನ್ ಓಡುತ್ತಲೇ ಇರುತ್ತದೆ.

ಫ್ರೀಕ್ವೆನ್ಸಿ ರಿಜಿಸ್ಟರನ್ನು ಓದುವಾಗ ವಿಸಿ ಬಂದರೆ ಮಾತ್ರ ಇವತ್ತಿಗೂ ಗೆಸ್ಟ್ ಸಾಯುತ್ತದೆ, ಸಾಯಲೇಬೇಕು. ಸೆಕ್ಯೂರ್ ಟಿಎಸ್‌ಸಿ ಇದ್ದಾಗ ಆ ಓದುವಿಕೆಯನ್ನು ಯಾರೂ ತಡೆಯುವಂತಿಲ್ಲ. ತಡೆದಿದ್ದಾರೆ ಅಂದರೆ ಹೋಸ್ಟ್‌ನ ಸೆಟ್ಟಿಂಗ್ ಕೆಟ್ಟಿದೆ, ಇಲ್ಲಾ ಯಾರೋ ತಮಗೆ ಬೇಕಾದ ಫ್ರೀಕ್ವೆನ್ಸಿ ತುರುಕಲು ನೋಡುತ್ತಿದ್ದಾರೆ.

ನನ್ನನ್ನು ಕೇಳಿದರೆ ಹಳೆಯದರಲ್ಲಿ ಜಾಸ್ತಿ ಅಪಾಯ ಆ ಸದ್ದಿಲ್ಲದೆ ನುಂಗುವುದು. ಮೆಷೀನ್ ಬಿದ್ದರೆ ಕನಿಷ್ಠ ಗೊತ್ತಾಗುತ್ತದೆ. ಬರೆದದ್ದು ಆಗಿದೆ ಅಂತ ನಂಬಿಕೊಂಡು ಮುಂದೆ ಹೋಗುವ ಕೋಡ್ ಎಲ್ಲಿ ಎಡವುತ್ತದೋ ಹುಡುಕೋದು ಕಷ್ಟ.

ಪ್ರಶ್ನೆ: ಹಾಗಾದರೆ ಟಿಎಸ್‌ಸಿ ಎಂಎಸ್‌ಆರ್ ಓದಿದಾಗ ವಿಸಿ ಬಂದರೆ? ಹೋಸ್ಟ್ ಸುಳ್ಳು ಸಮಯ ಕೊಡಬಹುದಲ್ವಾ?
— ಅದೇ ಓದುಗ

ಉತ್ತರ: ಕೊಡಲು ಅವಕಾಶವೇ ಇಲ್ಲ. ಹ್ಯಾಂಡ್ಲರ್ ಹೋಸ್ಟ್ ಹತ್ತಿರ ಹೋಗುವುದೇ ಇಲ್ಲ. ತಾನೇ ಆರ್‌ಡಿಟಿಎಸ್‌ಸಿ (ಟಿಎಸ್‌ಸಿ ಓದುವ ಪ್ರೊಸೆಸರ್ ಇನ್‌ಸ್ಟ್ರಕ್ಷನ್) ಓಡಿಸಿ, ಬಂದ ಬೆಲೆಯ ಕೆಳಗಿನ 32 ಬಿಟ್ ಇಎಎಕ್ಸ್‌ಗೆ, ಮೇಲಿನ 32 ಬಿಟ್ ಇಡಿಎಕ್ಸ್‌ಗೆ ಹಾಕಿ ಮುಗಿಸುತ್ತದೆ. ಆ ಆರ್‌ಡಿಟಿಎಸ್‌ಸಿಯನ್ನೇ ಹೋಸ್ಟ್ ತಡೆದರೆ? ಆಗಲೂ ತಪ್ಪು ಹೋಸ್ಟ್‌ನದೇ, ಗೆಸ್ಟ್ ಮುಂದುವರಿಯುವುದಿಲ್ಲ. ಅಂದಹಾಗೆ, ಸೆಕ್ಯೂರ್ ಟಿಎಸ್‌ಸಿ ನಿಜಕ್ಕೂ ಆನ್ ಆಗಿದೆಯಾ ಅಂತ ಒಮ್ಮೆ ಬೂಟ್ ಲಾಗ್‌ನ ಎಸ್‌ಇವಿ ಸ್ಟೇಟಸ್ ಸಾಲಿನಲ್ಲಿ ನೋಡಿಕೊಳ್ಳಿ. ಅಲ್ಲಿ ಅದರ ಹೆಸರಿಲ್ಲದಿದ್ದರೆ ಮೇಲೆ ಹೇಳಿದ ನಿಯಮಗಳು ನಿಮ್ಮ ಮೆಷೀನಿಗೆ ಅನ್ವಯಿಸುವುದಿಲ್ಲ.