ರೈಡರ್ ಕಪ್‌ನಲ್ಲಿ ನಿಮ್ಮ ತಂಡ ಸೋತಾಗ ಜಾಸ್ತಿ ಬೇಜಾರಾಗಿದ್ದು ಯಾವುದಕ್ಕೆ, ಸೋಲಿಗೋ ನಮ್ಮವರ ನಡತೆಗೋ?

ನೀವು ಕೇಳಿರೋದು ಇಷ್ಟು: 2025ರ ರೈಡರ್ ಕಪ್ ನೋಡಿದ ಮೇಲೆ ಗಾಲ್ಫ್ ಮೇಲಿದ್ದ ಆಸೆಯೇ ಹೋಯಿತು, ಸಭ್ಯರ ಆಟ ಅಂತಾರೆ, ತಂಡ ಅಂತ ಆದ ಕೂಡಲೇ ಜನ ಯಾಕೆ ಹೀಗಾಡುತ್ತಾರೆ, ನಿಮಗೂ ಹೀಗೆ ಬೇಜಾರಾಗಿದೆಯಾ ಅಂತ.

ಆಗಿದೆ. ಅದೂ ನಾನು ಅಮೆರಿಕದ ಪಾರ್ಟಿ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವವನಿಗೆ ಅಮೆರಿಕದ ಗಾಲ್ಫ್ ತಂಡ ಯಾಕೆ ಅಂತ ಕೇಳಬೇಡಿ, ನಮ್ಮ ಮನೆಯವಳು ಮದುವೆ ಆದಾಗಿನಿಂದ ಕೇಳುತ್ತಲೇ ಇದ್ದಾಳೆ. ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ರೂಮಿನ ಟಿವಿಯಲ್ಲಿ ಟೈಗರ್ ವುಡ್ಸ್ ನೋಡಿ ಹಿಡಿದ ಹುಚ್ಚು, ಊರಿಗೆ ವಾಪಸ್ ಬಂದರೂ ಬಿಡಲಿಲ್ಲ. ನಾನೇ ಕೋಲು ಹಿಡಿದು ಆಡಿದ್ದು ಎಲ್ಲಾ ಸೇರಿ ಎಂಟೋ ಒಂಬತ್ತೋ ಸಲ, ಅದರಲ್ಲಿ ಚೆಂಡಿಗೆ ತಾಗಿದ್ದು ಇನ್ನೂ ಕಡಿಮೆ.

ಆ ಭಾನುವಾರ ಸೆಪ್ಟೆಂಬರ್ 28, ನವರಾತ್ರಿ, ಹೊರಗೆ ಸಣ್ಣಗೆ ಮಳೆ. ಅದೇ ರಾತ್ರಿ ದುಬೈಯಲ್ಲಿ ಏಷ್ಯಾ ಕಪ್ ಫೈನಲ್, ಭಾರತ ಪಾಕಿಸ್ತಾನ. ಅಕ್ಕಪಕ್ಕದ ಮನೆಯವರೆಲ್ಲ ನಮ್ಮ ಜಗುಲಿಯಲ್ಲೇ ಕೂತಿದ್ದರು. ತಿಲಕ್ ವರ್ಮಾ ನಿಂತು ಆಡಿ ಗೆಲ್ಲಿಸಿದ, ಎಲ್ಲರೂ ಕೂಗಿದ್ದೂ ಆಯಿತು, ಆಮೇಲೆ ಟ್ರೋಫಿ ಕೊಡೋದು ನೋಡಿಕೊಂಡೇ ಹೋಗೋಣ ಅಂತ ಕಾದರು, ಕಾದರು, ಟ್ರೋಫಿ ಬರಲೇ ಇಲ್ಲ. ಕೈ ಕುಲುಕದ ಕಥೆ, ಕಪ್ಪು ತಗೊಳ್ಳದ ಕಥೆ ನಿಮಗೂ ಗೊತ್ತು. ಅದನ್ನು ಇಲ್ಲಿ ಎತ್ತಿದರೆ ಕೆಳಗೆ ಜಗಳ ಶುರುವಾಗುತ್ತೆ, ಬೇಡ. ಅವರೆಲ್ಲ ಹೋದ ಮೇಲೆ ನಾನು ಮೊಬೈಲ್ ತೆಗೆದು, ರೈಡರ್ ಕಪ್ ನಡೀತಿದ್ದ ನ್ಯೂಯಾರ್ಕಿನ ಬೆತ್‌ಪೇಜ್ ಕಡೆ ಹೋದೆ.

ಈ ಆಟ ಗೊತ್ತಿಲ್ಲದೆ ಓದುತ್ತಿರುವವರಿಗೆ ಒಂದು ಮಾತು. ಒಂದೊಂದು ಕಡೆಗೆ ಹನ್ನೆರಡು ಜನ, ಮೂರು ದಿನ, ಒಟ್ಟು 28 ಪಾಯಿಂಟ್. ಮೊದಲೆರಡು ದಿನ ಜೋಡಿ ಆಟ, ಕೊನೇ ದಿನ ಒಬ್ಬರಿಗೊಬ್ಬರು. 14-14 ಆದರೆ ಹಿಂದಿನ ಸಲ ಗೆದ್ದವರ ಹತ್ತಿರವೇ ಕಪ್ ಉಳಿಯುತ್ತೆ. ಅಮೆರಿಕ ಒಂದು ಕಡೆ, ಯುರೋಪ್ ಇನ್ನೊಂದು ಕಡೆ.

ಶನಿವಾರದ ಹೊತ್ತಿಗೇ ಯುರೋಪ್ 11.5, ನಾವು 4.5. ಅಂದರೆ ಮುಗಿದ ಹಾಗೇ. ಅದಕ್ಕೇ ಇರಬೇಕು, ಜನಕ್ಕೆ ಆಟ ನೋಡೋಕೆ ಏನೂ ಉಳಿದಿರಲಿಲ್ಲ, ಬೈಯೋಕೆ ಮಾತ್ರ ಉಳಿದಿತ್ತು. ಯುರೋಪಿನ ರೋರಿ ಮೆಕಿಲ್ರಾಯ್ ಚೆಂಡಿನ ಮುಂದೆ ನಿಂತ ಕೂಡಲೇ ಅವನನ್ನು, ಅವನ ಹೆಂಡತಿಯನ್ನು, ಸಂಸಾರವನ್ನು ಎಳೆದು ಬೈದರು. ಅವನ ಹೆಂಡತಿ ಮೇಲೆ ಯಾರೋ ಕುಡಿಯೋ ಗ್ಲಾಸ್ ಎಸೆದದ್ದೂ ತಾಗಿತು. ಪೊಲೀಸರನ್ನು ಜಾಸ್ತಿ ಹಾಕಬೇಕಾಯಿತು. ಇನ್ನೂ ಒಂದು: ಮೊದಲ ಟೀ, ಅಂದರೆ ಆಟ ಶುರುವಾಗೋ ಜಾಗದ ಹತ್ತಿರ ಮೈಕ್ ಹಿಡಿದು ಜನರನ್ನು ಹುರಿದುಂಬಿಸೋಕೆ ಅಂತ ನಿಲ್ಲಿಸಿದ್ದ ನಿರೂಪಕಿಯೇ ಮೆಕಿಲ್ರಾಯ್‌ಗೆ ಬೈಯೋ ಕೂಗಿಗೆ ದನಿ ಸೇರಿಸಿದಳು, ಆಮೇಲೆ ಕ್ಷಮೆ ಕೇಳಿ ಆ ಕೆಲಸ ಬಿಟ್ಟಳು. ಒಂದು ದಿನದ ಟಿಕೆಟ್ ಸುಮಾರು 750 ಡಾಲರ್. ಅಷ್ಟು ದುಡ್ಡು ಕೊಟ್ಟ ಮೇಲೆ ಬೈಗುಳದ ಹಕ್ಕೂ ಅದರಲ್ಲೇ ಸೇರಿದೆ ಅಂದುಕೊಂಡರೋ ಏನೋ.

ಭಾನುವಾರ ನಮ್ಮವರು ಎದ್ದರು ಮಾರಾಯ್ರೆ! ಆ ಒಂದೇ ದಿನ 8.5 ಪಾಯಿಂಟ್ ಹೊಡೆದರು. ಒಂದು ಹಂತದಲ್ಲಿ ನಾನು ಹಾಸಿಗೆಯಿಂದ ಎದ್ದು ಅಡುಗೆಮನೆಗೆ ಬಂದು ನಿಂತಿದ್ದೆ. ಕೊನೆಗೆ ಯುರೋಪಿನ ಶೇನ್ ಲೌರಿ ಹದಿನೆಂಟನೇ ಹೋಲ್‌ನಲ್ಲಿ ಒಂದು ಪಟ್ (ಚೆಂಡನ್ನು ಗುಳಿಗೆ ಉರುಳಿಸೋ ಹೊಡೆತ) ಹಾಕಿ ಕಪ್ ಉಳಿಸಿಕೊಂಡ. 15-13ಕ್ಕೆ ಯುರೋಪ್ ಗೆದ್ದಿತು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಆ ಪಟ್ ಹೋಲ್‌ಗೆ ಬಿದ್ದಾಗ ನನಗೆ ಬೇಜಾರಿಗಿಂತ ಮೊದಲು ಬಂದಿದ್ದು ಒಂಥರಾ ನಿರಾಳ. ನನ್ನ ತಂಡ ಸೋತದ್ದಕ್ಕೆ ನಿರಾಳ! ಅದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಗೆದ್ದಿದ್ದರೆ ಆ ಬೈದವರೆಲ್ಲ ಮಾರನೇ ದಿನ ನಾವೇ ಗೆಲ್ಲಿಸಿದ್ದು ಅಂತ ತಿರುಗುತ್ತಿದ್ದರು, ಗೆಲುವಿನಲ್ಲಿ ಅವರಿಗೂ ಪಾಲು ಕೊಡಬೇಕಾಗುತ್ತಿತ್ತು. ಸೋತ ಬೇಜಾರು ಒಂದು ವಾರದಲ್ಲಿ ಹೋಯಿತು, ಅಡಿಕೆ ಕೊನೆ ಕೊಯ್ಲಿನ ತಯಾರಿ ಶುರುವಾದ ಮೇಲೆ ಮರೆತೇ ಹೋಯಿತು. ಆದರೆ ಈ ಇನ್ನೊಂದು ಹೋಗಿಲ್ಲ.

ಯಾಕೆ ಹೀಗಾಡುತ್ತಾರೆ ಅಂದರೆ, ನನಗೆ ಅನ್ನಿಸೋದು ಹೇಳ್ತೀನಿ. ಬೇರೆ ವಾರಗಳಲ್ಲಿ ಗಾಲ್ಫಿಗರು ಆಡೋದು ಮೈದಾನದ ವಿರುದ್ಧ, ನೂರೈವತ್ತು ಜನರಲ್ಲಿ ಒಬ್ಬ ಪಟ್ ತಪ್ಪಿಸಿದರೆ ಯಾರಿಗೂ ಲಾಭ ಕಾಣಲ್ಲ. ರೈಡರ್ ಕಪ್‌ನಲ್ಲಿ ಎದುರಿನವನು ತಪ್ಪಿಸಿದ ಪಟ್ ನೇರವಾಗಿ ನಮ್ಮ ಪಾಯಿಂಟ್. ಅವನು ತಪ್ಪಲಿ ಅಂತ ಆಸೆ ಪಡೋಕೆ ಆಟವೇ ದಾರಿ ಮಾಡಿಕೊಡುತ್ತೆ. ಜೊತೆಗೆ ಗಾಲ್ಫ್ ಹೊಡೆತ ಬೀಳೋದು ಮೌನದಲ್ಲಿ. ಈಡನ್ ಗಾರ್ಡನ್ಸ್‌ನಲ್ಲಿ ಒಬ್ಬ ಎಷ್ಟು ಕೂಗಿದರೂ ಆ ಗದ್ದಲದಲ್ಲಿ ಅದು ಸೊಳ್ಳೆ ದನಿ. ಇಲ್ಲಿ ಒಬ್ಬ ಕುಡುಕ ಸರಿಯಾದ ಹೊತ್ತಿಗೆ ಒಂದು ಮಾತು ಎಸೆದರೆ ಸಾಕು, ಆಟ ಕೆಡುತ್ತೆ. ಅಷ್ಟು ಅಗ್ಗಕ್ಕೆ ಅಷ್ಟು ಅಧಿಕಾರ ಬೇರೆ ಯಾವ ಆಟವೂ ನೋಡುವವನ ಕೈಗೆ ಕೊಡಲ್ಲ.

ಹಾಗಂತ ಕ್ರಿಕೆಟ್‌ನವರು ನಾವು ಸಾಚಾ ಅಂತ ಅಲ್ಲ. ಅದೇ ಈಡನ್‌ನಲ್ಲಿ 1996ರ ವಿಶ್ವಕಪ್ ಸೆಮಿಫೈನಲ್‌ಗೆ ಬಾಟಲಿ ಎಸೆದು, ಬೆಂಕಿ ಹಾಕಿ, ಪಂದ್ಯವೇ ನಿಂತು ಶ್ರೀಲಂಕಾಗೆ ಕೊಟ್ಟರು. ಮೂರು ವರ್ಷ ಬಿಟ್ಟು ಚೆನ್ನೈ ಜನ, ಹನ್ನೆರಡು ರನ್ನಿಂದ ಸೋತು ಕೂತಿದ್ದಾಗಲೂ, ಎದ್ದು ನಿಂತು ಪಾಕಿಸ್ತಾನಕ್ಕೆ ಚಪ್ಪಾಳೆ ಹೊಡೆದರು. ಎರಡೂ ನಾವೇ.

ಗಾಲ್ಫಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಒಬ್ಬರಿಗೊಬ್ಬರ ಆಟದಲ್ಲಿ ಎದುರಾಳಿಯ ಚೆಂಡು ಹೋಲ್‌ಗೆ ಹತ್ತಿರ ಇದ್ದರೆ, ಹೊಡೆಯೋದು ಬೇಡ, ಹೋಯಿತು ಅಂತಲೇ ಲೆಕ್ಕ ಅಂತ ಹೇಳಬಹುದು. ಗಿಮ್ಮಿ ಅಂತಾರೆ. ಕೊಡಲೇಬೇಕು ಅಂತೇನಿಲ್ಲ, ಕೊಡಬಹುದು ಅಷ್ಟೆ. ದೊಡ್ಡತನ ತೋರಿಸೋಕೆ ಅಂತಲೇ ನಿಯಮದಲ್ಲೇ ಒಂದು ಬಾಗಿಲು ಇಟ್ಟಿದ್ದಾರೆ ನೋಡಿ.

1969ರ ರೈಡರ್ ಕಪ್, ಆಗ ಅಮೆರಿಕದ ಎದುರು ಯುರೋಪ್ ಅಲ್ಲ, ಬ್ರಿಟನ್. ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ ಕೊನೇ ಜೋಡಿ, ಕೊನೇ ಹೋಲ್, ಅಂಕ ಸಮ ಸಮ. ಬ್ರಿಟನ್ನಿನ ಟೋನಿ ಜಾಕ್ಲಿನ್‌ಗೆ ಎರಡು ಮೂರು ಅಡಿಯ ಪಟ್ ಬಾಕಿ. ಆ ವರ್ಷವಷ್ಟೇ ಬ್ರಿಟಿಷ್ ಓಪನ್ ಪಂದ್ಯಾವಳಿ ಗೆದ್ದಿದ್ದವನು, ಇಡೀ ಬ್ರಿಟನ್ನೇ ಅವನ ಮೇಲೆ ಕಣ್ಣಿಟ್ಟಿತ್ತು. ತಪ್ಪಿಸಿದ್ದರೆ ಜನ್ಮವಿಡೀ ಅದೇ ಮಾತು. ಅಮೆರಿಕದ ಜಾಕ್ ನಿಕ್ಲಾಸ್ ಹೋಗಿ, ಚೆಂಡಿನ ಜಾಗದ ಗುರುತಿಗೆ ಇಟ್ಟಿದ್ದ ಅವನ ಮಾರ್ಕರ್ ಎತ್ತಿ ಕೈಗೆ ಕೊಟ್ಟ, ಅಂದರೆ ಗಿಮ್ಮಿ ಕೊಟ್ಟ. 16-16 (ಆಗ ಒಟ್ಟು 32 ಪಾಯಿಂಟ್), ರೈಡರ್ ಕಪ್‌ನಲ್ಲೇ ಮೊದಲ ಸಲ ಟೈ. ಕಪ್ ಅಮೆರಿಕದ ಹತ್ತಿರವೇ ಉಳಿಯಿತು ನಿಜ, ಆದರೂ ಅಮೆರಿಕದ ಕ್ಯಾಪ್ಟನ್ ಸ್ಯಾಮ್ ಸ್ನೀಡ್‌ಗೆ ಇದು ಸರಿ ಕಾಣಲಿಲ್ಲ.

ಈ ಕಥೆ ನಾನು ಅಪ್ಪಯ್ಯನಿಗೆ ಹೇಳಿದ್ದೆ. ಅವರಿಗೆ ಗಾಲ್ಫ್ ಏನೂ ಗೊತ್ತಿಲ್ಲ. ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ, "ನಮ್ಮ ಭದ್ರಾವತಿ ವಿಶ್ವನಾಥ್ ಮಾಡಿದ್ದೂ ಇದೇ ಅಲ್ವನಾ" ಅಂದರು. ಹೌದಲ್ಲ ಅನ್ನಿಸಿತು. 1980, ಮುಂಬೈ, ಸುವರ್ಣ ಮಹೋತ್ಸವದ ಟೆಸ್ಟ್, ಜಿ. ಆರ್. ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಹೋಗಿ ಒದ್ದಾಡುತ್ತಿದ್ದಾಗ ಬಾಬ್ ಟೇಲರ್ ಕ್ಯಾಚ್ ಔಟ್ ಅಂತ ಅಂಪೈರ್ ಕೈ ಎತ್ತಿದರು. ಬ್ಯಾಟಿಗೆ ತಾಗಿಲ್ಲ ಅನ್ನಿಸಿ ವಿಶ್ವನಾಥ್ ಅವನನ್ನು ವಾಪಸ್ ಕರೆದರು. ಟೇಲರ್ 43 ಹೊಡೆದ, ಬಾಥಮ್ ಜೊತೆ ಸೇರಿ 171 ರನ್ ಕೂಡಿಸಿದ, ಭಾರತ ಹತ್ತು ವಿಕೆಟ್‌ನಿಂದ ಸೋತಿತು. ಅಪ್ಪಯ್ಯ ಅದನ್ನು ರೇಡಿಯೋದಲ್ಲಿ ಕೇಳಿದವರು. ಮನೆಗೆ ನೆಂಟರು ಬಂದರೆ ನಮ್ಮ ಜಿಲ್ಲೆಯವನು ಹಿಂಗೆ ಅಂತ ಎದೆಯುಬ್ಬಿಸಿ ಹೇಳ್ತಾರೆ. ನೆಂಟರು ಹೋದ ಮೇಲೆ, "ಕರೀದೆ ಇದ್ದಿದ್ರೆ ಆಗ್ತಿತ್ತು" ಅಂತಾರೆ. ನಲವತ್ತೈದು ವರ್ಷದಿಂದ ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದ್ದಾರೆ. ಅಪ್ಪಟ ಅಭಿಮಾನಿ ಅಂದರೆ ಅಪ್ಪಯ್ಯನೇ ಅಂತ ನನ್ನ ಲೆಕ್ಕ.

ಆ ಬಾಗಿಲನ್ನು ಮುಚ್ಚಿ ಕೆಟ್ಟ ಹೆಸರು ತಗೊಂಡವರೂ ಇದ್ದಾರೆ. 2015ರಲ್ಲಿ ಜರ್ಮನಿಯಲ್ಲಿ ಸೋಲ್‌ಹೈಮ್ ಕಪ್, ಹೆಂಗಸರ ರೈಡರ್ ಕಪ್ ಇದ್ದ ಹಾಗೆ. ಅಮೆರಿಕದ ಅಲಿಸನ್ ಲೀ ಒಂದೂವರೆ ಅಡಿ ಪಟ್ ಕೊಟ್ಟರು ಅಂತ ತಿಳಿದು ಚೆಂಡು ಎತ್ತಿಕೊಂಡಳು. ಎದುರಿಗಿದ್ದ ಯುರೋಪಿನ ಚಾರ್ಲಿ ಹಲ್ ಆಗಲೇ ಮುಂದೆ ನಡೆಯೋಕೆ ಶುರು ಮಾಡಿದ್ದಳು, ಯಾರಾದರೂ ಹಾಗೇ ತಿಳೀತಿದ್ದರು. ಹಲ್‌ನ ಜೋಡಿ ಸುಝಾನ್ ಪೆಟ್ಟರ್ಸನ್ ನಾವು ಕೊಟ್ಟಿಲ್ಲ ಅಂದಳು. ನಿಯಮದ ಪ್ರಕಾರ ಅವಳದ್ದೇ ಸರಿ. ಹೋಲೂ ಸಿಕ್ಕಿತು, ಮ್ಯಾಚೂ ಸಿಕ್ಕಿತು, 10-6ರ ಮುನ್ನಡೆಯೂ ಸಿಕ್ಕಿತು. ಆದರೆ ಅಮೆರಿಕದ ಹುಡುಗಿಯರಿಗೆ ಹೊತ್ತಿಕೊಂಡ ಸಿಟ್ಟು ಅಷ್ಟಿಷ್ಟಲ್ಲ, 14.5-13.5ಕ್ಕೆ ಕಪ್ಪೇ ಎತ್ತಿಕೊಂಡು ಹೋದರು. ಪೆಟ್ಟರ್ಸನ್ ಮಾರನೇ ದಿನ ಕ್ಷಮೆ ಕೇಳಿದಳು.

ಅವಳನ್ನು ಬೈಯೋಕೆ ನನಗೆ ಬಾಯಿ ಬರಲ್ಲ, ಯಾಕೆಂದರೆ ನಾನೂ ಒಂದು ಮಾಡಿದ್ದೇನೆ. ಹುಡುಗರಾಗಿದ್ದಾಗ ನಮ್ಮೂರ ಶಾಲೆ ಮೈದಾನದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ಮೈಕಿನವನು ನಮ್ಮವನೇ. ಹೊರಗಿಂದ ಬಂದ ತಂಡದಲ್ಲಿ ಒಬ್ಬ ಕಪ್ಪಗೆ ಉದ್ದಕ್ಕಿದ್ದ ಹುಡುಗ, ಒಳ್ಳೆ ಸ್ಮ್ಯಾಶರ್. ಅವನು ಸರ್ವ್‌ಗೆ ಹೋದಾಗಲೆಲ್ಲ ಮೈಕಿನಲ್ಲಿ ಅವನ ಬಣ್ಣದ ಮೇಲೆ, ಎತ್ತರದ ಮೇಲೆ ಏನೇನೋ ಹೇಳೋದು, ಇಡೀ ಮೈದಾನ ನಗೋದು, ನೆಟ್ ಹತ್ತಿರ ನಿಂತ ನಾವೂ ನಗೋದು. ಕೊನೇ ಸೆಟ್, 14-13. ಅವನು ಹೊಡೆದ ಚೆಂಡು ಗೆರೆ ದಾಟಿ ಬಿತ್ತು. ಆದರೆ ಹೋಗುವಾಗ ನನ್ನ ಕಿರುಬೆರಳಿಗೆ ತಾಗಿಕೊಂಡು ಹೋಗಿತ್ತು. ಅಂಪೈರ್‌ಗೆ ಕಾಣಲಿಲ್ಲ, ಔಟ್ ಕೊಟ್ಟರು. ಆ ಹುಡುಗ ಜಗಳ ಏನೂ ಮಾಡಲಿಲ್ಲ. ಸುಮ್ನೆ ನನ್ನ ಬೆರಳು ನೋಡಿದ, ನನ್ನ ಮುಖ ನೋಡಿದ. ನಾನು ಅಷ್ಟು ಹೊತ್ತಿಗೆ ನಮ್ಮವರ ಹೆಗಲ ಮೇಲಿದ್ದೆ. ಟ್ರೋಫಿ ಈಗಲೂ ಯುವಕ ಸಂಘದ ಬೀರುವಿನಲ್ಲಿದೆ, ಕಪ್ಪಾಗಿದೆ, ಒಂದು ಕಿವಿ ಮುರಿದಿದೆ. ಗೆದ್ದ ಖುಷಿ ಹೆಂಗಿತ್ತು ಅಂತ ನೆನಪಿಲ್ಲ. ಅವನು ನೋಡಿದ್ದು ನೆನಪಿದೆ. ಬೆತ್‌ಪೇಜ್‌ನಲ್ಲಿ ಮೈಕ್ ಕಥೆ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ಶಾಲೆ ಮೈದಾನವೇ.

ನಿಮಗೆ ನಮ್ಮ ಅಮೆರಿಕದ ಕಡೆಯವರಲ್ಲಿ ಒಳ್ಳೆಯದೇನೂ ಕಾಣಲಿಲ್ಲ ಅಂದರೆ ಹಳೇ ಎರಡು ರೈಡರ್ ಕಪ್ ಆಟ ಹುಡುಕಿ ನೋಡಿ. ಒಂದು 1999, ಬ್ರೂಕ್‌ಲೈನ್. ಅವತ್ತು ನಮ್ಮವರು ಮಾಡಿದ್ದು ಹೇಳೋಕೆ ನಾಚಿಕೆ: ಜಸ್ಟಿನ್ ಲೆನಾರ್ಡ್ 45 ಅಡಿ ಪಟ್ ಹಾಕಿದ ಅಂತ ಆಟಗಾರರು, ಹೆಂಡಂದಿರು ಎಲ್ಲಾ ಗ್ರೀನ್‌ಗೆ (ಹೋಲ್ ಸುತ್ತಲಿನ ಹುಲ್ಲಿಗೆ) ನುಗ್ಗಿ ಕುಣಿದರು, ಎದುರಾಳಿ ಒಲಾಥಾಬಲ್ ಪಟ್ ಇನ್ನೂ ಬಾಕಿ ಇತ್ತು. ಯುರೋಪಿನ ಮಾಂಟ್‌ಗೋಮರಿಗೆ ಜನ ಎಷ್ಟು ಬೈದರು ಅಂದರೆ ಅವನ ಅಪ್ಪ ನೋಡೋಕಾಗದೆ ಮೈದಾನ ಬಿಟ್ಟು ಹೋದರು. ಆದರೆ ಅವನ ಎದುರು ಆಡುತ್ತಿದ್ದ ನಮ್ಮ ಪೇನ್ ಸ್ಟೀವರ್ಟ್, ಬೈಯುವವರನ್ನು ಹೊರಗೆ ಹಾಕಿಸಿದ, ಕಪ್ ಗೆದ್ದಾಯಿತು ಅಂತ ಗೊತ್ತಾದ ಮೇಲೆ ಕೊನೇ ಗ್ರೀನ್‌ನಲ್ಲಿ ಮಾಂಟ್‌ಗೋಮರಿಯ ಪಟ್ ಕೊಟ್ಟು ತಾನು ಸೋತ. ಒಂದು ತಿಂಗಳಿಗೆ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟ ಪಾಪ.

ಇನ್ನೊಂದು 2012, ಮೆಡೈನಾ. 10-6ರಲ್ಲಿ ಮುಂದಿದ್ದು ನಾವು ಸೋತ ವರ್ಷ. ಹದಿನೇಳನೇ ಗ್ರೀನ್‌ನಲ್ಲಿ ಯುರೋಪಿನ ಜಸ್ಟಿನ್ ರೋಸ್ ದೂರದಿಂದ ಒಂದು ಪಟ್ ಹಾಕಿದಾಗ, ಅದರಿಂದ ಪೆಟ್ಟು ಬಿದ್ದ ನಮ್ಮ ಫಿಲ್ ಮಿಕಲ್ಸನ್ ನಗುತ್ತಾ ಚಪ್ಪಾಳೆ ಹೊಡೆದ. ಹೊಟ್ಟೆ ಉರಿದಿರಲ್ವಾ? ಉರಿದೇ ಇರುತ್ತೆ. ಆದರೂ ಹೊಡೆದ.

ಬರೀ ಸೋಲಿನ ಬೇಜಾರು ಹೇಗಿರುತ್ತೆ ಅಂತ ಗೊತ್ತಾಗಬೇಕಾದರೆ 2015ರ ಪ್ರೆಸಿಡೆಂಟ್ಸ್ ಕಪ್ ನೆನಪು ಮಾಡಿಕೊಳ್ಳಿ, ಕೊರಿಯಾದ ಇಂಚಿಯಾನ್. ಅದರಲ್ಲಿ ಅಮೆರಿಕದ ಎದುರು ಯುರೋಪ್ ಬಿಟ್ಟು ಉಳಿದ ದೇಶಗಳ ತಂಡ. ಅಲ್ಲಿ ಮಾತ್ರ ನಾನು ಅಮೆರಿಕದ ವಿರುದ್ಧ, ಎದುರಿನ ತಂಡದಲ್ಲಿ ನಮ್ಮ ಅನಿರ್ಬನ್ ಲಾಹಿರಿ ಇದ್ದ. ಕೊನೇ ಹೋಲ್‌ನಲ್ಲಿ ಎದುರಾಳಿ ಕ್ರಿಸ್ ಕರ್ಕ್ ದೂರದ ಪಟ್ ಹಾಕಿದ, ಲಾಹಿರಿ ಹತ್ತಿರದ್ದು ತಪ್ಪಿಸಿದ. ಒಂದೇ ಪಾಯಿಂಟ್‌ನಲ್ಲಿ ಸೋಲು, 15.5-14.5. ನಾನು ಅವತ್ತು ಮಧ್ಯಾಹ್ನ ಊಟ ಬಿಟ್ಟಿದ್ದೆ. ಅಷ್ಟು ಬೇಜಾರಾಗಿದ್ದರೂ ಅದನ್ನು ನೆನಪು ಮಾಡಿಕೊಂಡರೆ ಈಗ ಒಂಥರಾ ಪ್ರೀತಿಯೇ ಬರುತ್ತೆ, ಅಸಹ್ಯ ಅನ್ನಿಸಲ್ಲ.

ಆಟ ನೋಡೋದು ಬಿಡಬೇಡಿ ಅಂತ ನಾನೇನೂ ಹೇಳಲ್ಲ, ಬಿಡೋದಾದರೆ ಬಿಡಿ. ನಾನಂತೂ ನೋಡ್ತೀನಿ. ಮುಂದಿನದು 2027ರಲ್ಲಿ ಐರ್ಲೆಂಡಿನ ಅಡೇರ್ ಮ್ಯಾನರ್‌ನಲ್ಲಿ, ರೈಡರ್ ಕಪ್‌ಗೆ ನೂರು ವರ್ಷ. ಅಲ್ಲಿನ ಬೆಳಿಗ್ಗೆ ಅಂದರೆ ನಮಗೆ ಮಧ್ಯಾಹ್ನ, ನಿದ್ದೆ ಕೆಡೋದಿಲ್ಲ. ಅಪ್ಪಯ್ಯನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಬೇಕು ಅಂತಿದೆ. ಗಿಮ್ಮಿ ಕೊಟ್ಟಾಗಲೆಲ್ಲ ಏನಂತಾರೆ ನೋಡೋಣ.